ಅಧಿಕ ಮಾಸ ಮತ್ತು ನಲವತ್ತರ ಸೈಜಿನ ಸೂಟು: ಒಂದು ಬಾಡಿಗೆ ಅಂಗಡಿಯ ಪ್ರಕರಣ

ಹಳೇ ಮೈಸೂರು ಕಡೆಯ ಮದುವೆಯಲ್ಲಿ ಗಂಡು ಸೂಟು ಹಾಕುವುದು ಒಂದೇ ಸಂಜೆ. ಮುಹೂರ್ತದ ಹಿಂದಿನ ದಿನ ಆರತಕ್ಷತೆ. ಏಳು ಗಂಟೆಗೆ ವೇದಿಕೆ ಹತ್ತಿದರೆ ಹನ್ನೊಂದರ ತನಕ ಕೈ ಕುಲುಕಿ, ಹೂಗುಚ್ಛ ಇಸ್ಕೊಂಡು, ಫೋಟೋಗೆ ನಿಂತು ಇಳಿಯಬೇಕು. ಬೆಳಗ್ಗೆ ಧಾರೆಗೆ ಪಂಚೆ, ಶಲ್ಯ, ಪೇಟ. ಆಮೇಲೆ ಆ ಸೂಟು ಬೀರು ಸೇರುತ್ತೆ. ಎರಡು ವರ್ಷ ಬಿಟ್ಟು ತೆಗೆದರೆ ಹೊಟ್ಟೆಯ ಹತ್ತಿರ ಗುಂಡಿ ಕೂರಲ್ಲ.

ನಾಲ್ಕು ಗಂಟೆಯ ಬಟ್ಟೆಗೆ ಹನ್ನೆರಡು ಸಾವಿರ ಯಾಕೆ ಸುರಿಯಬೇಕು ಅನ್ನುವ ಪ್ರಶ್ನೆಯ ಮೇಲೇ ಈ ಪ್ರಕರಣದ ಬಾಡಿಗೆ ಸೂಟಿನ ಅಂಗಡಿಗಳು ನಿಂತಿವೆ. ನಾನು ಹತ್ತು ವರ್ಷ ಅವರ ಲೆಕ್ಕ ಬರೆದವನು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹೇಳಲ್ಲ. ಒಂದೆರಡು ಊರು ಬದಲಿಸಿದ್ದೇನೆ, ಅಂಕಿಗಳನ್ನು ಗುರುತು ಸಿಗದಷ್ಟು ಆಚೀಚೆ ಮಾಡಿದ್ದೇನೆ. ಪಂಚಾಂಗದ ತಾರೀಕುಗಳನ್ನು ಮಾತ್ರ ಮುಟ್ಟಿಲ್ಲ. ಕಥೆ ಇರುವುದೇ ಅವುಗಳಲ್ಲಿ.

ಹಿನ್ನೆಲೆ

ಮಾಲೀಕರ ಅಪ್ಪ ಮೈಸೂರಿನಲ್ಲಿ ಟೈಲರ್. 90ರ ದಶಕದ ಕೊನೆ. ಯಾರೋ ಹೊಲಿಸಿದ ಸೂಟೊಂದನ್ನು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಅರ್ಧ ಹಣ ಕೊಟ್ಟಿದ್ದರು, ಉಳಿದರ್ಧಕ್ಕೆ ಪತ್ತೆಯಿಲ್ಲ. ಕೋಟು ಎಂಟು ತಿಂಗಳು ಹ್ಯಾಂಗರಿನಲ್ಲಿ ನೇತಾಡಿತು. ಪಕ್ಕದ ಬೀದಿಯ ಹುಡುಗನ ಆರತಕ್ಷತೆಗೆ ಅದನ್ನು ಸುಮ್ನೆ ಕೊಟ್ಟರು. ಹುಡುಗ ಮೂರನೇ ದಿನ ಕೋಟಿನ ಜೊತೆ ನೂರು ರೂಪಾಯಿ, ಒಂದು ಡಬ್ಬಿ ಚಿರೋಟಿ ತಂದುಕೊಟ್ಟ. ಅದೇ ಮೊದಲ ಬಾಡಿಗೆ.

ಈ ಧಂದೆಗೆ ಇಂಥ ಹುಟ್ಟು ಹೊಸದಲ್ಲ. ಲಂಡನ್ನಿನ ಮಾಸ್ ಬ್ರದರ್ಸ್ ಶುರುವಾಗಿದ್ದು 1851ರಲ್ಲಿ, ಕೋವೆಂಟ್ ಗಾರ್ಡನ್ ಬಡಾವಣೆಯಲ್ಲಿ, ಹಳೆ ಬಟ್ಟೆ ಮಾರುವ ಅಂಗಡಿಯಾಗಿ. ಚಾರ್ಲ್ಸ್ ಪಾಂಡ್ ಅಂತ ಒಬ್ಬ ಗೆಳೆಯ ಪಾರ್ಟಿಗಳಲ್ಲಿ ಜನರನ್ನು ರಂಜಿಸಲು ಹೋಗುತ್ತಿದ್ದ. ಸಂಜೆಯ ಸೂಟು ಇಲ್ಲ ಅಂತ ಪದೇ ಪದೇ ಇವರ ಹತ್ತಿರ ಎರವಲು ಕೇಳುತ್ತಿದ್ದ. ಎಷ್ಟು ಸಲ ಅಂತ ಸುಮ್ಮನೆ ಕೊಡುವುದು? 1897ರಲ್ಲಿ ಬಾಡಿಗೆ ಹಾಕಿದರು. ಅಲ್ಲಿಂದ ಅದು ಇಂಗ್ಲೆಂಡಿನ ದೊಡ್ಡ ಬಾಡಿಗೆ ಸೂಟಿನ ಹೆಸರಾಯಿತು. ನಮ್ಮ ಟೈಲರಿಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ಕೋಟನ್ನು ಮೂರು ಮಾಡಿದರು, ಮೂರನ್ನು ಹತ್ತು ಮಾಡಿದರು.

ಅಪ್ಪನ ನಂತರ ಇಬ್ಬರು ಮಕ್ಕಳು. ಅಣ್ಣ ಕೌಂಟರಿನಲ್ಲಿ ಬೆಳೆದವನು. ತಮ್ಮ ಎಂಬಿಎ ಓದಿ ಬಂದವನು. ಇವರಿಬ್ಬರ ಜೊತೆಗೆ ಅಪ್ಪನ ಕಾಲದ ಕಟಿಂಗ್ ಮಾಸ್ಟರ್. ಅವರನ್ನು ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಿದ್ದುದು, ನಾನೂ ಹಾಗೇ ಬರೆಯುತ್ತೇನೆ. 2009ರಲ್ಲಿ ಮಂಡ್ಯದಲ್ಲಿ ಎರಡನೇ ಅಂಗಡಿ, 2014ರಲ್ಲಿ ಹಾಸನದಲ್ಲಿ ಮೂರನೆಯದು. 2017ಕ್ಕೆ ಮೂರೂ ಸೇರಿ 240 ಸೆಟ್. ಸೂಟು, ಜೋಧ್‌ಪುರಿ, ಶೇರ್ವಾನಿ ಎಲ್ಲ ಲೆಕ್ಕಕ್ಕೆ ಸೇರಿ.

ಒಂದು ಸೂಟು ಒಳಗೇ ಹೊಲಿಸಿದರೆ ಆರು ಸಾವಿರ ಬೀಳುತ್ತಿತ್ತು. ಬಾಡಿಗೆ 1,500. ಡ್ರೈ ಕ್ಲೀನಿಂಗ್, ಆಲ್ಟರೇಷನ್ ಎಲ್ಲ ಕಳೆದರೆ ಕೈಗೆ 1,200. ಐದು ಸಲ ಹೊರಗೆ ಹೋದರೆ ಅಸಲು ಬಂತು. ಆರನೇ ಸಲದಿಂದ ಲಾಭ. ಇಪ್ಪತ್ತೈದು, ಮೂವತ್ತು ಸಲ ಆದಮೇಲೆ ಕೋಟಿನ ಎದೆಯ ಹತ್ತಿರ ಸಣ್ಣ ಗುಳ್ಳೆ ಏಳುತ್ತೆ. ಒಳಗೆ ಅಂಟಿಸಿದ ಫ್ಯೂಸಿಂಗ್ ಬಿಟ್ಟುಕೊಂಡಿದೆ ಅಂತ ಅರ್ಥ. ಮಾಸ್ಟರ್ ಬೆರಳಿನಿಂದ ಒತ್ತಿ ನೋಡಿ, "ಇದಕ್ಕೆ ಪಿಂಚಣಿ ಕೊಡಿ" ಅನ್ನುತ್ತಿದ್ದರು.

ಪ್ರತಿ ಕೋಟಿನ ಒಳಜೇಬಿಗೆ ಬಿಳಿ ಲಾಡಿಯ ತುಂಡಿನಲ್ಲಿ ನಂಬರ್ ಹೊಲಿದಿರುತ್ತಿತ್ತು. 40-ನೇ-7 ಅಂದರೆ ಎದೆ ನಲವತ್ತು ಇಂಚು, ನೇವಿ ಬ್ಲೂ, ಏಳನೆಯದು. ಪ್ಯಾಂಟಿನ ಕೆಳಗೆ ಎರಡೂವರೆ ಇಂಚು ಬಟ್ಟೆ ಒಳಗೆ ಮಡಚಿಟ್ಟಿರುತ್ತಿದ್ದರು, ಉದ್ದದ ಹುಡುಗ ಬಂದರೆ ಬಿಚ್ಚಲು. ಸೊಂಟದ ಹಿಂದೆಯೂ ಹಾಗೇ. ಮಾರುವ ಸೂಟಿನಲ್ಲಿ ಬಟ್ಟೆ ಉಳಿಸುವುದೇ ಜಾಣತನ. ಬಾಡಿಗೆ ಸೂಟಿನಲ್ಲಿ ಒಳಗೆ ಬಟ್ಟೆ ಬಿಟ್ಟಷ್ಟೂ ಅದಕ್ಕೆ ಆಯಸ್ಸು ಜಾಸ್ತಿ. ಇನ್ನು ಶೇರ್ವಾನಿಯ ಶತ್ರು ಅರಿಶಿನ. ಯಾವ ಡ್ರೈ ಕ್ಲೀನರ್ ಕೈಯಲ್ಲೂ ಹೋಗದ ಕಲೆಯನ್ನು ಮಾಸ್ಟರ್ ತಾರಸಿಯ ಬಿಸಿಲಿಗೆ ಕೊಡುತ್ತಿದ್ದರು. ಎರಡು ಮೂರು ದಿನಕ್ಕೆ ಹಳದಿ ತಾನಾಗೇ ಮಾಸುತ್ತಿತ್ತು. ಬಿಸಿಲಿಗೆ ಅರಿಶಿನ ನಿಲ್ಲಲ್ಲ, ಮನೆಯಲ್ಲಿ ಬೇಕಾದರೆ ನೋಡಿ.

ನಾಲ್ಕನೇ ಅಂಗಡಿ

2017 ಒಳ್ಳೆಯ ವರ್ಷ. ವೈಶಾಖ, ಜ್ಯೇಷ್ಠ ಎರಡರಲ್ಲೂ ಮದುವೆಗಳು ಹರಡಿಕೊಂಡಿದ್ದವು. ಏಪ್ರಿಲ್‌ನಿಂದ ಜೂನ್ ಕೊನೆಯ ವಾರ ಆಷಾಢ ಹಿಡಿಯುವ ತನಕ ಮೈಸೂರು ಅಂಗಡಿಯೊಂದರಲ್ಲೇ 310 ಬುಕಿಂಗ್. ತಮ್ಮ ಬೆಂಗಳೂರಿಗೆ ಹೋಗೋಣ ಅಂದ. ಅಣ್ಣನಿಗೂ ಆಸೆ ಇತ್ತು. 2018ರ ಜನವರಿಯಲ್ಲಿ, ಧನುರ್ಮಾಸ ಮುಗಿದ ಮೇಲೆ, ಬಾಗಿಲು ತೆಗೆದರು. 120 ಹೊಸ ಸೆಟ್ಟು, ಕಟ್ಟಡದ ಅಡ್ವಾನ್ಸು, ಕನ್ನಡಿ, ಎಲ್‌ಇಡಿ ಬೋರ್ಡು. ಬ್ಯಾಂಕಿನಿಂದ 15 ಲಕ್ಷ ಸಾಲ. ಮೊದಲ ಸೀಸನ್ನಿಗೆ 200 ಬುಕಿಂಗ್ ಬರುತ್ತೆ ಅಂತ ಅಂದಾಜು. ಆ ಅಂದಾಜಿನ ಹಾಳೆಯನ್ನು ಬ್ಯಾಂಕಿಗೆ ಟೈಪ್ ಮಾಡಿಕೊಟ್ಟವನು ನಾನೇ.

ಆ ವರ್ಷ ಅಧಿಕ ಜ್ಯೇಷ್ಠ. ಮೇ 16ರಿಂದ ಜೂನ್ 13ರ ತನಕ. ಅಧಿಕ ಮಾಸದಲ್ಲಿ ಮದುವೆ ಮಾಡಲ್ಲ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಮದುವೆ ಧಂದೆಯಲ್ಲಿ ಇದ್ದುಕೊಂಡು ಇದನ್ನು ನೋಡಿರಲಿಲ್ಲವೇ ಅಂತ ನೀವು ಕೇಳಬಹುದು. ನೋಡಿದ್ದರು. ಜನವರಿಯಲ್ಲೇ ಅಣ್ಣ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿ ತಮ್ಮನ ಮುಂದಿಟ್ಟಿದ್ದ. ತಮ್ಮನ ಉತ್ತರವೂ ದಡ್ಡತನದ್ದಲ್ಲ. "ಅಣ್ಣ, ಯಾರೂ ಮದುವೆ ಕ್ಯಾನ್ಸಲ್ ಮಾಡಲ್ಲ. ಮುಂದಕ್ಕೋ ಹಿಂದಕ್ಕೋ ಹಾಕ್ಕೋತಾರೆ. ಒಟ್ಟು ಲೆಕ್ಕ ಅಷ್ಟೇ ಇರುತ್ತೆ" ಅಂದ. ನಾನೂ ತಲೆಯಾಡಿಸಿದೆ. ಕೂಡಿ ಕಳೆಯುವವನಿಗೆ ಅದು ಸರಿಯಾಗೇ ಕಂಡಿತು.

ಮಾಸ್ಟರ್ ಮಾತ್ರ ಇನ್ನೊಂದು ಹೇಳಿದ್ದರು. ಆ ವರ್ಷ ರಂಜಾನ್ ಉಪವಾಸವೂ ಮೇ 17ರ ಸುಮಾರಿಗೇ ಶುರು. ಮಂಡಿ ಮೊಹಲ್ಲಾ, ಉದಯಗಿರಿ ಕಡೆಯ ಗಿರಾಕಿಗಳ ನಿಕಾಹ್, ವಲೀಮಾ ಔತಣ ಕೂಡ ಒಂದು ತಿಂಗಳು ನಿಲ್ಲುತ್ತೆ. ಬೇರೆ ವರ್ಷಗಳಲ್ಲಿ ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಕೆಲಸ ಇರುತ್ತಿತ್ತು. ಎರಡೂ ಚಂದ್ರನ ತಿಂಗಳು. ಒಂದೇ ಅಮಾವಾಸ್ಯೆ ಕಳೆದ ಕೂಡಲೇ ಎರಡೂ ಒಟ್ಟಿಗೆ ಹಿಡಿದವು. ಇದನ್ನು ನಾವು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಾಲದ್ದಕ್ಕೆ ಮೇ 12ಕ್ಕೆ ವಿಧಾನಸಭೆ ಚುನಾವಣೆ. ಕೈಯಲ್ಲಿ ನಗದು ಹಿಡಿದು ಓಡಾಡಲು ಜನ ಹೆದರುತ್ತಿದ್ದ ದಿನಗಳು.

ಏನಾಯಿತು

ಮೇ 16ರಿಂದ ನಾಲ್ಕೂ ಅಂಗಡಿ ಮೌನ. ಬೆಂಗಳೂರಿನಲ್ಲಿ ಇಬ್ಬರು ಹುಡುಗರು ದಿನವಿಡೀ ಬೊಂಬೆಗೆ ಟೈ ಕಟ್ಟಿ ಬಿಚ್ಚುತ್ತಿದ್ದರು. ತಮ್ಮ ಅರ್ಧ ಬೆಲೆ ಅಂತ ಬ್ಯಾನರ್ ಹಾಕಿದ. ಮದುವೆಯೇ ಇಲ್ಲದ ತಿಂಗಳಲ್ಲಿ ಸೂಟು ಅರ್ಧ ಬೆಲೆಗೆ ಸಿಗುತ್ತೆ ಅಂತ ಯಾರಾದರೂ ಮದುವೆ ಆಗ್ತಾರಾ? ಬ್ಯಾನರಿನ ಖರ್ಚು ಮೈಮೇಲೆ ಬಂತು.

ಜೂನ್ 14ಕ್ಕೆ ನಿಜ ಜ್ಯೇಷ್ಠ. ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಜುಲೈ 14ಕ್ಕೆ ಆಷಾಢ. ಅಷ್ಟರೊಳಗೆ ಎಲ್ಲರಿಗೂ ಮದುವೆ ಆಗಬೇಕು. ಒಳ್ಳೆಯ ಮುಹೂರ್ತ ಇದ್ದಿದ್ದೇ ಕೆಲವು ದಿನ, ಅವೂ ಅಕ್ಕಪಕ್ಕ. ಜೂನ್ ಕೊನೆಯ ವಾರದ ಮೂರು ದಿನಗಳಿಗೆ ಮೈಸೂರು ಅಂಗಡಿಯಲ್ಲಿ ನಲವತ್ತರ ಸೈಜಿನ ನೇವಿ ಬ್ಲೂ ಸೂಟಿಗೆ 14 ಬುಕಿಂಗ್. ಇದ್ದಿದ್ದು ಒಂಬತ್ತು. ನಮ್ಮ ಕಡೆ ಮದುಮಗ ಅಂದರೆ ನಲವತ್ತರ ಸೈಜು, ನೇವಿ ಬ್ಲೂ. ಬೂದು ಬಣ್ಣ ತೋರಿಸಿದರೆ ಅತ್ತೆ ಮನೆಯವರು ಮುಖ ಸಿಂಡರಿಸುತ್ತಾರೆ, ಕಪ್ಪು ಅಂದರೆ ಗಂಡಿನ ತಾಯಿ ಒಪ್ಪಲ್ಲ.

ತಮ್ಮನ ಹತ್ತಿರ ಇದಕ್ಕೆ ಒಂದು ಉಪಾಯ ಇತ್ತು. ಅಮೆರಿಕದಲ್ಲಿ ಟಕ್ಸಿಡೊ, ಅಂದರೆ ಸಮಾರಂಭದ ಸೂಟು, ಬಾಡಿಗೆ ಕೊಡುವ ದೊಡ್ಡ ಕಂಪನಿಗಳು ಅಂಗಡಿಯಲ್ಲಿ ಅಳತೆ ಮಾತ್ರ ತೆಗೆದುಕೊಳ್ಳುತ್ತವೆ. ಬಟ್ಟೆ ದೊಡ್ಡ ಗೋದಾಮಿನಿಂದ ಬರುತ್ತೆ. ಹತ್ತು ಅಂಗಡಿಗೆ ಹತ್ತು ಕಡೆ ಸ್ಟಾಕ್ ಇಡುವ ಬದಲು ಒಂದೇ ಕಡೆ ಇಟ್ಟರೆ ಕಡಿಮೆ ಸೂಟಿನಲ್ಲಿ ಜಾಸ್ತಿ ಗಿರಾಕಿಯನ್ನು ನಿಭಾಯಿಸಬಹುದು. ಲೆಕ್ಕ ಚೆನ್ನಾಗಿದೆ. ಹಾಸನದ ನಲವತ್ತು ಮೈಸೂರಿಗೆ, ಬೆಂಗಳೂರಿನದು ಮಂಡ್ಯಕ್ಕೆ, ಸರ್ಕಾರಿ ಬಸ್ಸಿನ ಪಾರ್ಸೆಲಿನಲ್ಲಿ ಓಡಾಡಿಸೋಣ ಅಂದ. 14ಕ್ಕೂ ಹೂಂ ಅಂದರು.

ಅಮೆರಿಕದ ಮದುವೆಗಳು ಹೆಚ್ಚಾಗಿ ಶನಿವಾರ ಅನ್ನುವುದನ್ನು ನಾವು ಮರೆತಿದ್ದೆವು. ವಾರದ ಮಧ್ಯೆ ಸೂಟು ಹೋಗುತ್ತೆ, ವಾರ ತಿರುಗುವಷ್ಟರಲ್ಲಿ ಬರುತ್ತೆ, ತೊಳೆದು ಮುಂದಿನ ಶನಿವಾರಕ್ಕೆ ಸಿದ್ಧ. ವಾರಕ್ಕೊಂದು ಸುತ್ತು, ಗಡಿಯಾರದ ಹಾಗೆ. ನಮ್ಮ ಮುಹೂರ್ತಕ್ಕೆ ವಾರದ ಹಂಗಿಲ್ಲ. ಇವತ್ತು, ನಾಳೆ, ನಾಡಿದ್ದು ಮೂರು ದಿನ ಸಾಲಾಗಿ ಬಂದು ಆಮೇಲೆ ಒಂಬತ್ತು ದಿನ ಏನೂ ಇರಲ್ಲ. ಆ ಮೂರು ದಿನ ಮೈಸೂರಿಗೂ ಅದೇ, ಹಾಸನಕ್ಕೂ ಅದೇ. ಒಂದು ಊರಿನಲ್ಲಿ ಸೂಟು ಬಿಡುವಾಗಿದ್ದರೆ ತಾನೇ ಇನ್ನೊಂದು ಊರಿಗೆ ಕಳಿಸುವುದು?

ಮೂರನೇ ದಿನ ಮಂಡ್ಯದ ಒಂದು ಆರತಕ್ಷತೆಗೆ 40-ನೇ-7 ಹೋಗಬೇಕಿತ್ತು. ಅದು ಹಾಸನದ ಮದುವೆಯಿಂದ ಬೆಳಗ್ಗೆ ವಾಪಸ್ ಬರಬೇಕು. ಬರಲಿಲ್ಲ. ಫೋನ್ ಮಾಡಿದರೆ ಹಾಸನದ ಮದುಮಗ ಧಾರೆ ಮುಗಿಸಿ ಹೆಂಡತಿ ಜೊತೆ ಮನೆದೇವರಿಗೆ ಹೊರಟಾಗಿತ್ತು. ಕೋಟು ಕಾರಿನ ಡಿಕ್ಕಿಯಲ್ಲಿ, ಬಾಳೆಗೊನೆ ಪಕ್ಕ. ಸಂಜೆ ಐದಕ್ಕೆ ಗೊತ್ತಾಯಿತು. ಅಂಗಡಿಯಲ್ಲಿ ಉಳಿದಿದ್ದು ನಲವತ್ತೆರಡರ ಒಂದು ಸೂಟು. ಅಂಗಡಿಯ ಹುಡುಗ ಅದನ್ನು ಸ್ಕೂಟರಿನಲ್ಲಿ ಹಿಡಿದುಕೊಂಡು ಛತ್ರಕ್ಕೆ ಓಡಿದ. ಬೆನ್ನ ಹಿಂದೆ ಎಂಟು ಗುಂಡುಪಿನ್ನು ಹಾಕಿ ಬಿಗಿ ಮಾಡಿ ಮದುಮಗನನ್ನು ವೇದಿಕೆ ಹತ್ತಿಸಿದರು. ನಾಲ್ಕು ಗಂಟೆ ಕಾಲ ಆತ ಬೆನ್ನು ಒರಗಿಸಲಿಲ್ಲ.

ವಾರದ ಮೇಲೆ ಆ ಮದುಮಗನ ಸೋದರಮಾವ ಅಂಗಡಿಗೆ ಬಂದರು. ಜಗಳ ಆಡಲಿಲ್ಲ. ಫೋಟೋ ಒಂದನ್ನು ಕೌಂಟರಿನ ಮೇಲಿಟ್ಟರು. ತೋಳು ಬೆರಳ ಗಿಣ್ಣಿನ ತನಕ ಇಳಿದಿತ್ತು, ಭುಜ ಜೋತುಬಿದ್ದಿತ್ತು. "ನೋಡಿ ಸ್ವಾಮಿ, ಅವರಪ್ಪನ ಕೋಟು ಇಕ್ಕಂಡಂಗೆ ಕಾಣ್ತಾನೆ ನಮ್ ಹುಡ್ಗ" ಅಂದರು. ಅಣ್ಣ ಬಾಡಿಗೆ, ಅಡ್ವಾನ್ಸು ಎಲ್ಲ ಎಣಿಸಿ ಮುಂದಿಟ್ಟ. ಅವರು ಅಡ್ವಾನ್ಸ್ ಮಾತ್ರ ತೆಗೆದುಕೊಂಡು ಹೋದರು. ಬಾಡಿಗೆ ದುಡ್ಡು ಅಲ್ಲೇ ಇತ್ತು. ಆ 1,500 ರೂಪಾಯಿಯನ್ನು ಪುಸ್ತಕದಲ್ಲಿ ಯಾವ ಖಾತೆಗೆ ಬರೆಯುವುದು ಅಂತ ನನಗೆ ಆಮೇಲೂ ತಿಳಿಯಲಿಲ್ಲ.

ಬಿಲ್ ಪುಸ್ತಕಗಳನ್ನು ಹರಡಿಕೊಂಡ ರಾತ್ರಿ

ಆಷಾಢದಲ್ಲಿ ಕೆಲಸ ಇರಲಿಲ್ಲ. ಎರಡೂ ವರ್ಷದ ಬಿಲ್ ಪುಸ್ತಕ ಹರಡಿಕೊಂಡು ಕೂತೆ. ಮೈಸೂರು ಅಂಗಡಿಗೆ 2017ರ ಸೀಸನ್ನಿನಲ್ಲಿ 310, 2018ರಲ್ಲಿ 296. ಹದಿನಾಲ್ಕು ಕಡಿಮೆ, ಅಷ್ಟೇ. ತಮ್ಮ ಹೇಳಿದ್ದೇ ಸರಿ, ಮದುವೆಗಳು ಎಲ್ಲೂ ಹೋಗಿರಲಿಲ್ಲ.

ಆಮೇಲೆ ಬಿಲ್ ನಂಬರ್ ಬಿಟ್ಟು ತಾರೀಕಿನ ಪ್ರಕಾರ ಜೋಡಿಸಿದೆ. 2018ರ 296ರಲ್ಲಿ ಅರ್ಧಕ್ಕೂ ಜಾಸ್ತಿ ಕೇವಲ ಹನ್ನೊಂದು ತಾರೀಕಿನಲ್ಲಿ ಬಂದು ಕೂತಿದ್ದವು. ಒಂದು ಸೂಟು ಹೊರಗೆ ಹೋದರೆ ನಾಲ್ಕು ದಿನ: ಹೋಗುವ ದಿನ, ಮುಹೂರ್ತದ ದಿನ, ಬರುವ ದಿನ, ತೊಳೆಯುವ ದಿನ. ಮದುವೆಗಳು ಹರಡಿಕೊಂಡಿದ್ದರೆ ಒಂದೇ ಸೂಟು ತಿಂಗಳಿಗೆ ಐದಾರು ಹುಡುಗರ ಮೈಮೇಲೆ ಕೂರುತ್ತೆ. ಮೂರು ದಿನದಲ್ಲಿ ಗುಂಪಾದರೆ ಒಬ್ಬನ ಮೈಮೇಲೆ ಮಾತ್ರ. ಸೂಟು ಅದೇ, ಮದುವೆ ಅಷ್ಟೇ. ನಾವು ಇಪ್ಪತ್ತು ವರ್ಷ ಬೀರುವಿನಲ್ಲಿ ಎಷ್ಟು ಕೋಟು ಇದೆ ಅಂತ ಎಣಿಸುತ್ತಾ ಬಂದಿದ್ದೆವು. ಮಾರುತ್ತಿದ್ದುದು ಸಂಜೆಗಳನ್ನು. ಹಿಂದಿನ ವರ್ಷಗಳಲ್ಲಿ ಪಂಚಾಂಗ ಉದಾರವಾಗಿತ್ತು, ಹಾಗಾಗಿ ಈ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ. ಬ್ಯಾಂಕಿಗೆ ನಾನು ಕೊಟ್ಟ ಹಾಳೆಯಲ್ಲಿ ತಾರೀಕು ಅನ್ನುವ ಕಾಲಮ್ಮೇ ಇರಲಿಲ್ಲ.

ಬೆಂಗಳೂರು ಅಂಗಡಿಗೆ ಸೀಸನ್ನಿನಲ್ಲಿ ಬಂದಿದ್ದು 70 ಬುಕಿಂಗ್. ಹೆಸರು ಹೊಸದು, ಬಾಯಿಮಾತಿನ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಹಳೆಯ ಅಂಗಡಿಗೆ ಜನ ಮುಹೂರ್ತ ಗೊತ್ತಾದ ವಾರವೇ ಬಂದು ಬುಕ್ ಮಾಡುತ್ತಾರೆ. ಹೊಸ ಅಂಗಡಿಗೆ ಬರುವವರು ಬೇರೆ ಕಡೆ ಸಿಗದೇ ಇದ್ದವರು.

ಮಾಡಿ ನೋಡಿದ್ದು

ಅಣ್ಣನ ಮೊದಲ ತೀರ್ಮಾನ ಕಟುವಾಗಿತ್ತು. ಅಂಗಡಿಯಲ್ಲಿ ಇರುವ ಸೂಟಿಗೆ ಮಾತ್ರ ಬುಕಿಂಗ್. ಹೊರಗೆ ಹೋಗಿರುವ ಸೂಟನ್ನು ನಂಬಿ ಯಾರಿಗೂ ಮಾತು ಕೊಡಬಾರದು. ತಮ್ಮ ಒಂದು ತಿಂಗಳು ಇದಕ್ಕೆ ಒಪ್ಪಲಿಲ್ಲ. ಇಲ್ಲ ಅಂತ ಕಳಿಸಿದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ನಾಳೆ ಅವನ ತಮ್ಮನೂ ಅಲ್ಲಿಗೇ ಹೋಗುತ್ತಾನೆ ಅನ್ನುವುದು ಅವನ ವಾದ. ಅದೂ ನಿಜವೇ. ಕೊನೆಗೆ ಒಪ್ಪಿಸಿದ್ದು ಕೌಂಟರಿನ ಗಾಜಿನ ಕೆಳಗೆ ಅಣ್ಣ ಸಿಕ್ಕಿಸಿದ್ದ ಆ ಫೋಟೋ ಅಂತ ನನಗೆ ಅನ್ನಿಸುತ್ತೆ. ಸೋದರಮಾವ ಅದನ್ನೂ ಬಿಟ್ಟು ಹೋಗಿದ್ದರು.

ದೊಡ್ಡ ರಿಜಿಸ್ಟರ್ ಒಂದು ತಂದರು. ದಿನಕ್ಕೊಂದು ಪುಟ. ಅಡ್ಡಕ್ಕೆ ಸೈಜು, ಉದ್ದಕ್ಕೆ ಬಣ್ಣ. ಬುಕಿಂಗ್ ಬಂದರೆ ಆ ಪುಟ ಮಾತ್ರವಲ್ಲ, ಅದರ ಮುಂದಿನ ಮೂರು ಪುಟದಲ್ಲೂ ಆ ಸೂಟಿನ ನಂಬರ್ ಹೊಡೆದುಹಾಕಬೇಕು. 38, 40, 42ರಲ್ಲಿ ಗದ್ದಲದ ದಿನಗಳಿಗೆ ಎರಡೆರಡು ಸೂಟು ಯಾರಿಗೂ ಕೊಡದೆ ಇಟ್ಟುಕೊಳ್ಳುವುದು. ಅವಕ್ಕೆ ಹುಡುಗರು ಇಟ್ಟ ಹೆಸರು ಸ್ಟೆಪ್ನಿ. ಗಿರಾಕಿ ಎದುರಿಗೆ ನಿಂತು ದುಡ್ಡು ಚಾಚುವಾಗ ಸ್ಟೆಪ್ನಿಯನ್ನು ತೆಗೆಯದೆ ಇರುವುದು ಹೇಳಿದಷ್ಟು ಸುಲಭ ಅಲ್ಲ. ಮೊದಲ ವರ್ಷ ಎರಡು ಸಲ ತೆಗೆದರು.

ಗದ್ದಲದ ತಾರೀಕಿಗೆ ಬಾಡಿಗೆ 2,000 ಮಾಡಿ, ಉಳಿದ ದಿನ 1,200 ಇಡಿ ಅಂತ ನಾನು ಹೇಳಿದೆ. ಅಣ್ಣ ಸುತರಾಂ ಒಪ್ಪಲಿಲ್ಲ. "ಮದುವೆ ಮನೆಯವರ ಅವಸರ ನೋಡಿ ಜಾಸ್ತಿ ಕೇಳೋದು ಬೇಡ ಸಾರ್, ಅಪ್ಪ ಇದ್ದಿದ್ರೆ ಬೈತಿದ್ರು" ಅಂದ. ಛತ್ರದವರು, ಅಡುಗೆಯವರು, ಹೂವಿನವರು ಎಲ್ಲರೂ ಕೇಳುತ್ತಾರೆ, ನೀವೊಬ್ಬರು ಯಾಕೆ ಧರ್ಮಛತ್ರ ಇಡಬೇಕು ಅಂತ ನಾನು ವಾದ ಮಾಡಿದೆ. ಈಗಲೂ ನನ್ನ ಅಭಿಪ್ರಾಯ ಅದೇ. ಅವರು ಮೂರು ತಿಂಗಳ ಮೊದಲು ಬುಕ್ ಮಾಡಿದವರಿಗೆ 200 ರೂಪಾಯಿ ಬಿಟ್ಟರು. ಅದರಿಂದ ಒಂದು ಉಪಯೋಗ ಆಯಿತು. ಯಾವ ತಾರೀಕು ತುಂಬುತ್ತಿದೆ ಅಂತ ಮೊದಲೇ ಕಾಣತೊಡಗಿತು.

ತಡವಾಗಿ ತಂದವರಿಗೆ ದಿನಕ್ಕೆ 200 ದಂಡ ಹಾಕಿ ನೋಡಿದರು. ಪ್ರಯೋಜನ ಇಲ್ಲ. ಲಕ್ಷಗಟ್ಟಲೆ ಖರ್ಚಾದ ಮನೆಯಲ್ಲಿ 200 ಯಾರ ಗಮನಕ್ಕೂ ಬರಲ್ಲ. ನಗುತ್ತಾ ಕೊಟ್ಟು ಹೋಗುತ್ತಿದ್ದರು.

ನಿಜವಾಗಿ ಕೆಲಸ ಮಾಡಿದ್ದು ಮಂಡ್ಯ ಅಂಗಡಿಯ ಹುಡುಗನ ಐಡಿಯಾ. ಗುಂಡುಪಿನ್ನು ಚುಚ್ಚಿದ್ದು ಇವನೇ. "ಅವ್ರು ತಂದ್ಕೊಡೋತಂಕ ಯಾಕೆ ಕಾಯ್ಬೇಕು? ನಾನೇ ಹೋಗಿ ಇಸ್ಕೊಬತ್ತೀನಿ" ಅಂದ. ಧಾರೆ ಮುಗಿದು ಮೊದಲ ಪಂಕ್ತಿ ಊಟಕ್ಕೆ ಕೂರುವ ಹೊತ್ತಿಗೆ ಇವನು ಗಂಡಿನ ಕೋಣೆಯ ಬಾಗಿಲಲ್ಲಿ ಹಾಜರ್. ಆ ಹೊತ್ತಿನಲ್ಲಿ ಸೂಟು ಎಲ್ಲಿದೆ ಅಂತ ಇನ್ನೂ ಯಾರಿಗಾದರೂ ನೆನಪಿರುತ್ತೆ. ಸಂಜೆ ಛತ್ರ ಖಾಲಿ ಮಾಡುವಾಗ ಅದು ಯಾವ ಚಿಕ್ಕಮ್ಮನ ಸೂಟ್‌ಕೇಸ್ ಸೇರಿರುತ್ತೋ ದೇವರಿಗೇ ಗೊತ್ತು. ಟೈ ಒಂದು ಕಡೆ, ಬೆಲ್ಟ್ ಒಂದು ಕಡೆ, ಎಲ್ಲ ಎಣಿಸಿ ಕವರಿಗೆ ಹಾಕಿಕೊಳ್ಳುತ್ತಿದ್ದ. ಊಟ ಮಾಡದೆ ಯಾರೂ ಕಳಿಸುತ್ತಿರಲಿಲ್ಲ. ಒಬ್ಬಟ್ಟು ತಿಂದು ತಿಂದು ಅವನೇ ಮೂವತ್ತೆಂಟರಿಂದ ನಲವತ್ತಕ್ಕೆ ಬಂದ.

ಪೆಟ್ರೋಲಿಗೆ 150 ರೂಪಾಯಿ. ನಾಲ್ಕು ದಿನದ ಸುತ್ತು ಮೂರು ದಿನ ಆಯಿತು. ನಲವತ್ತರ ಸೈಜಿನಲ್ಲಿ ಮೂರು ಹೊಸ ಸೂಟು ಹೊಲಿಸಿದಷ್ಟೇ ಬಲ ಬಂತು ಅಂತ ನಾನು ಲೆಕ್ಕ ಹಾಕಿದೆ. ಇನ್ನೊಂದು ಲಾಭ ಯಾರೂ ಎಣಿಸಿರಲಿಲ್ಲ. ಕೋಣೆಯಲ್ಲಿ ಗಂಡಿನ ಗೆಳೆಯರಿರುತ್ತಾರೆ. ಮುಂದಿನ ಮದುವೆ ಅವರದೇ. ಹುಡುಗ ಕಣ್ಣಳತೆಯಲ್ಲೇ ಸೈಜು ಹೇಳಿ ಕಾರ್ಡ್ ಕೊಟ್ಟು ಬರುತ್ತಿದ್ದ.

ಸೀಸನ್ ಇಲ್ಲದ ದಿನಗಳಿಗೆ ತಮ್ಮ ಮೂರು ದಾರಿ ಹುಡುಕಿದ. ಒಂದು, ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವ. ಧನುರ್ಮಾಸ, ಮದುವೆ ಇಲ್ಲ, ಸರಿಯಾದ ಹೊತ್ತು. ಆದರೆ ಮಕ್ಕಳಿಗೆ ಬೇರೆಯೇ ಕೋಟು ಹೊಲಿಸಬೇಕು, ಅವು ಸೀಸನ್ನಿನಲ್ಲಿ ಯಾರಿಗೂ ಆಗಲ್ಲ. ವಾಪಸ್ ಬಂದ ನಲವತ್ತು ಕೋಟಿನಲ್ಲಿ ಹನ್ನೊಂದರ ಗುಂಡಿ ಇರಲಿಲ್ಲ. ಕೈಬಿಟ್ಟರು. ಎರಡು, ಕಾಲೇಜಿನವರ ಕ್ಯಾಂಪಸ್ ಸಂದರ್ಶನಕ್ಕೆ ಬ್ಲೇಜರ್. 500 ರೂಪಾಯಿ ಬಾಡಿಗೆ, ಬೆಳಗ್ಗೆ ಹೋಗಿ ಸಂಜೆ ವಾಪಸ್. ಸಣ್ಣದಾಗಿ ನಡೆಯಿತು, ಈಗಲೂ ನಡೆಯುತ್ತಿದೆ. ಮೂರು, ಪ್ರೀ-ವೆಡ್ಡಿಂಗ್ ಶೂಟ್. ಆಷಾಢದಲ್ಲಿ ಮದುವೆ ಇಲ್ಲ, ಫೋಟೋ ತೆಗೆಸಬೇಡಿ ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಇದು ಹಿಡಿಯಿತು. ಸೂಟುಗಳು ತಲಕಾಡಿನ ಮರಳು ಜೇಬಿನಲ್ಲಿ ತುಂಬಿಕೊಂಡು ಬಂದವು, ಬಲಮುರಿಯ ನೀರಿನಲ್ಲಿ ಮೊಣಕಾಲ ತನಕ ನೆನೆದು ಬಂದವು. ಹಾಗಾಗಿ ಇದಕ್ಕೆ ಪಿಂಚಣಿ ಸೂಟುಗಳನ್ನು ಮಾತ್ರ ಕೊಡುವ ನಿಯಮ ಮಾಡಿದರು. ಎದೆಯ ಮೇಲಿನ ಗುಳ್ಳೆ ಫೋಟೋದಲ್ಲಿ ಕಾಣಲ್ಲ. ಗುಜರಿಗೆ ಹೋಗಬೇಕಿದ್ದ ಬಟ್ಟೆಗೆ ಇನ್ನೊಂದು ಜನ್ಮ ಸಿಕ್ಕಿತು.

ಬೆಂಗಳೂರು

2019ರ ಮಾರ್ಚಿನಲ್ಲಿ ನಾಲ್ಕನೇ ಅಂಗಡಿಯನ್ನು ಮುಚ್ಚಿದರು. ನಾನು ಬೇಡ ಅಂದಿದ್ದೆ. ಕನ್ನಡಿ, ಬೋರ್ಡಿಗೆ ಹಾಕಿದ ಹಣ ಹೋಗುತ್ತೆ, ಇನ್ನೊಂದು ಸೀಸನ್ ನೋಡಿ ಅಂತ. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಹೋದ ದುಡ್ಡನ್ನ ನೋಡಿ ಇನ್ನೂ ಎಷ್ಟು ದಿನ ಬಾಡಿಗೆ ಕಟ್ಟೋದು ಸಾರ್?" ಬಾಡಿಗೆ ಅಂಗಡಿಯವನೇ ಬಾಡಿಗೆ ಕಟ್ಟಲಾರದೆ ಸೋತ ಅಂತ ತಮ್ಮ ತುಂಬ ದಿನ ನೊಂದುಕೊಂಡಿದ್ದ. 120 ಸೆಟ್‌ಗಳಲ್ಲಿ ಚೆನ್ನಾಗಿದ್ದ ನಲವತ್ತನ್ನು ಮೂರು ಅಂಗಡಿಗೆ ಹಂಚಿದರು. ಉಳಿದವನ್ನು ಮಾರಿ ಸಾಲಕ್ಕೆ ಕಟ್ಟಿದರು. ಪೂರ್ತಿ ತೀರಲಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 2020ರ ಮಾರ್ಚ್ 25ಕ್ಕೆ, ದೇಶಕ್ಕೇ ಬೀಗ ಬಿತ್ತು. ಬೆಂಗಳೂರು ಅಂಗಡಿ ಇದ್ದಿದ್ದರೆ ಮೈಸೂರಿನದನ್ನೂ ಎಳೆದುಕೊಂಡು ಮುಳುಗುತ್ತಿತ್ತು. ಇದನ್ನು ದೂರದೃಷ್ಟಿ ಅಂತ ಯಾರಾದರೂ ಹೊಗಳಿದರೆ ಅಣ್ಣ ನಗುತ್ತಾನೆ. ಅದೃಷ್ಟ, ಅಷ್ಟೇ.

ಲಾಕ್‌ಡೌನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಕಂಡಿದ್ದೇ. ಒಂದು ಮಾತು ಮಾತ್ರ. ಮದುವೆಗಳು ಆಗಲೂ ನಿಂತಿರಲಿಲ್ಲ. ಐವತ್ತು ಜನ ಅಂತ ಮಿತಿ ಹಾಕಿದರು, ಜನ ಮನೆ ಮುಂದೆ ಚಪ್ಪರ ಹಾಕಿ ಧಾರೆ ಮುಗಿಸಿದರು. ಮಾಯವಾಗಿದ್ದು ಆರತಕ್ಷತೆ. ಪಂಚೆ ಉಳಿಯಿತು, ಸೂಟು ಹೋಯಿತು. ಇತ್ತ ಮೈಸೂರಿನಲ್ಲಿ ಮಾಸ್ಟರ್ ಮಾಸ್ಕ್ ಹೊಲಿಯುತ್ತಿದ್ದಾಗ ಅತ್ತ ಅಮೆರಿಕದಲ್ಲಿ ಟಕ್ಸಿಡೊ ಬಾಡಿಗೆಗೆ ದೊಡ್ಡ ಹೆಸರಾದ ಮೆನ್ಸ್ ವೇರ್‌ಹೌಸ್ ಅಂಗಡಿಗಳ ಮಾತೃ ಕಂಪನಿ ಟೈಲರ್ಡ್ ಬ್ರ್ಯಾಂಡ್ಸ್ 2020ರ ಆಗಸ್ಟಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ತಮ್ಮ ಆ ಸುದ್ದಿಯನ್ನು ಕಳಿಸಿ ಕೆಳಗೆ ಏನೂ ಬರೆದಿರಲಿಲ್ಲ.

ಅಡ್ವಾನ್ಸ್ ಕೊಟ್ಟಿದ್ದವರಿಗೆ ಹಣ ವಾಪಸ್ ಕೊಡುವಷ್ಟು ಕೈಯಲ್ಲಿ ಇರಲಿಲ್ಲ. ಅಣ್ಣ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದ. ಯಾವಾಗ ಬೇಕಾದರೂ ಬನ್ನಿ, ನಿಮಗಲ್ಲದಿದ್ದರೆ ತಮ್ಮನಿಗೆ, ಬಾಮೈದನಿಗೆ, ರಶೀದಿ ಹರಿದಿದ್ದರೂ ಪರವಾಗಿಲ್ಲ, ರಿಜಿಸ್ಟರಿನಲ್ಲಿ ಇದೆ ಅಂತ. ತುಂಬ ಕಷ್ಟದಲ್ಲಿದ್ದ ಏಳೆಂಟು ಮನೆಗೆ ಮಾತ್ರ ವಾಪಸ್ ಕೊಟ್ಟರು. 2022ರಲ್ಲಿ ಒಬ್ಬ ಹುಡುಗ ಅಕ್ಕನ ಮದುವೆಯಲ್ಲಿ ತಾನು ಹಾಕಿಕೊಳ್ಳಲು ಬ್ಲೇಜರ್ ಕೇಳಿಕೊಂಡು ಬಂದ. ಎರಡು ವರ್ಷದ ಹಿಂದೆ ಭಾವ ಆಗಬೇಕಿದ್ದವರ ಅಡ್ವಾನ್ಸ್ ಅದು, ಆ ಸಂಬಂಧ ಮುರಿದುಬಿದ್ದಿತ್ತು. ಆದರೂ ಕೊಟ್ಟರು.

ಈಗ

ಮೂರು ಅಂಗಡಿ, 200 ಸೆಟ್. 2017ಕ್ಕಿಂತ ನಲವತ್ತು ಕಡಿಮೆ. ಬುಕಿಂಗ್ ಆಗಿನಷ್ಟೇ ಇದೆ. ನೇವಿ ಬ್ಲೂನಲ್ಲಿ ನಲವತ್ತರ ಸೈಜು ಒಂಬತ್ತರಿಂದ ಹದಿನೈದಕ್ಕೆ ಏರಿದೆ, ಯಾರಿಗೂ ಬೇಡದ ಮರೂನ್ ಪೂರ್ತಿ ಹೋಗಿದೆ. ಗದ್ದಲದ ದಿನಗಳಲ್ಲಿ ಇಲ್ಲ ಅಂತ ಕಳಿಸುವುದು ಮುಂದುವರಿದಿದೆ. ಹಾಗೆ ಕಳಿಸುವಾಗ ಪಕ್ಕದ ಅಂಗಡಿಯ ನಂಬರನ್ನು ಇವರೇ ಕೊಡುತ್ತಾರೆ, ಪಕ್ಕದವರೂ ಇವರ ನಂಬರ್ ಕೊಡುತ್ತಾರೆ. ಇದು ತಮ್ಮನ ಕೆಲಸ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅಂತ ಹೆದರಿದವನು ಅವನೇ ಅಲ್ವಾ?

ಮಾಸ್ಟರ್ ಕಣ್ಣಿನ ಆಪರೇಷನ್ ಆದಮೇಲೆ ಕತ್ತರಿ ಹಿಡಿಯುವುದು ಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಯುಗಾದಿಯ ಹೊತ್ತಿಗೆ ಅಂಗಡಿಗೆ ಬರುತ್ತಾರೆ. ಅಣ್ಣ ಹೊಸ ಪಂಚಾಂಗ ತಂದಿರುತ್ತಾನೆ, ಮಾಸ್ಟರ್ ಮಸೀದಿಯಲ್ಲಿ ಕೊಟ್ಟ ಕ್ಯಾಲೆಂಡರ್ ತಂದಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ರಿಜಿಸ್ಟರಿನ ಖಾಲಿ ಪುಟಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. 2026ರಲ್ಲಿ ಮತ್ತೆ ಅದೇ ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15. ಆ ಪುಟಗಳನ್ನು ತಮ್ಮ ಒಂದು ರಬ್ಬರ್ ಬ್ಯಾಂಡಿನಲ್ಲಿ ಸೇರಿಸಿ ಕಟ್ಟಿ, ಮೇಲೆ ಒಂದು ಚೀಟಿ ಅಂಟಿಸಿದ್ದಾನೆ: "ಗುಂಡಿ, ಜಿಪ್, ಲೈನಿಂಗ್ ರಿಪೇರಿ. ಹುಡುಗರಿಗೆ ಸರದಿಯ ಮೇಲೆ ರಜೆ. ಬ್ಯಾನರ್ ಬೇಡ."